ತಂಬೂರಿಯ ನಾದ, ಮಗ್ಗದ ಸಪ್ಪಳ

ಕೆಲಸದ ವೇಳೆ ಹಿನ್ನೆಲೆಯಲ್ಲಿ ಏನಾದರೊಂದು ಸದ್ದಿದ್ದರೆ ಮನಸ್ಸು ನಿಲ್ಲುತ್ತದೆಂಬ ಮಾತು ಇಂದು ಹೊಸ ಶೋಧದಂತೆ ಕೇಳಿಬರುತ್ತಿದೆ. ಮೊಬೈಲಿನಲ್ಲಿ ಮಳೆಯ ಸದ್ದನ್ನು ಹಾಕಿಕೊಂಡು ಪರೀಕ್ಷೆಗೆ ಓದುವ ವಿದ್ಯಾರ್ಥಿಗಳುಂಟು. ಚಿತ್ರಗೀತೆ ಕೇಳುತ್ತ ಓದುವವರೂ ಉಂಟು. ಇವೆರಡೂ ಒಂದೇ ಅಲ್ಲ. 1976ರಲ್ಲಿ ಕೋಲ್ ಮತ್ತು ವೆಲ್ಶ್ ಎಂಬ ಮನೋವಿಜ್ಞಾನಿಗಳು, ಅಕ್ಷರಗಳ ಸಾಲನ್ನು ನೆನಪಿಡುತ್ತಿದ್ದವರ ಕಿವಿಗೆ ಪರಭಾಷೆಯ ಮಾತು ಬಿದ್ದರೂ ನೆನಪು ಕದಡುವುದೆಂದು ತೋರಿಸಿದರು. ಅರ್ಥವಾಗದ ಮಾತೇ ಇಷ್ಟು ಮಾಡಿದರೆ, ಅರ್ಥವಾಗುವ ಹಾಡಿನ ಗತಿಯೇನು? ಏರಿಳಿತವಿಲ್ಲದ ಸದ್ದಿನ ಬಾಧೆ ಮಾತ್ರ ಕಡಿಮೆ.

ಬೆಟಗೇರಿಯ ಕೈಮಗ್ಗದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕುಣಿಮಗ್ಗದಲ್ಲಿ ಕಾಲು ತುಳಿಯುತ್ತದೆ, ಲಾಳಿ ಓಡುತ್ತದೆ, ಹಣಿಗೆ ಬಡಿಯುತ್ತದೆ. ಆ ಸಪ್ಪಳ ನೇಕಾರನ ಕೈಕಾಲುಗಳಿಂದಲೇ ಹುಟ್ಟಿದ್ದು. ಅದರ ಲಯ ತಪ್ಪಿತೆಂದರೆ ಕೆಲಸದಲ್ಲೇನೋ ತಪ್ಪಿದೆಯೆಂದೇ ಅರ್ಥ. ವಿದ್ಯುನ್ಮಗ್ಗದ ಗದ್ದಲಕ್ಕೆ ಈ ಗುಣವಿಲ್ಲ. ಅಲ್ಲಿ ಲಯ ಯಂತ್ರದ್ದು, ಸಹನೆ ಮಾತ್ರ ಮನುಷ್ಯನದು.

ಇನ್ನೂ ಸೂಕ್ಷ್ಮವಾದ ನಿದರ್ಶನ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿದೆ. ಪಂಚಾಕ್ಷರ ಗವಾಯಿಗಳು (1892–1944), ಅವರ ತರುವಾಯ ಪುಟ್ಟರಾಜ ಗವಾಯಿಗಳು (1914–2010), ಸ್ವತಃ ದೃಷ್ಟಿಹೀನರಾಗಿದ್ದು ಅಂಧರಿಗೂ ಅನಾಥರಿಗೂ ಅಲ್ಲಿ ಸಂಗೀತವಿದ್ಯೆಯನ್ನು ಧಾರೆಯೆರೆದರು. ಪುಸ್ತಕ ನೋಡಿ ಕಲಿಯಲಾಗದ ಬಾಲಕನಿಗೆ ತಂಬೂರಿಯ ಶ್ರುತಿಯೇ ಮೊದಲ ಆಸರೆ. ನಾಲ್ಕು ತಂತಿಗಳು: ಸಾಮಾನ್ಯವಾಗಿ ಒಂದು ಪಂಚಮ, ಎರಡು ಮಧ್ಯಷಡ್ಜ, ಒಂದು ಮಂದ್ರಷಡ್ಜ. ಕುದುರೆಯ ಮೇಲೆ ತಂತಿಯಡಿ ಸೇರಿಸಿದ ನೂಲೆಳೆಯೊಂದು ಆ ನಾದಕ್ಕೆ ಝೇಂಕಾರವನ್ನು ತರುತ್ತದೆ. (ನೇಕಾರರ ಊರಿನ ಪಕ್ಕದಲ್ಲಿ ನೂಲಿಗೆ ಈ ಗೌರವ ಸಂದಿರುವುದು ಉಚಿತವೇ.) ತಂಬೂರಿಗೆ ತಾಳವಿಲ್ಲ, ಸಾಹಿತ್ಯವಿಲ್ಲ, ತನ್ನನ್ನು ಕೇಳೆಂದು ಅದು ಹಾಡುವವನನ್ನು ಪೀಡಿಸುವುದಿಲ್ಲ. ಆದರೆ ಸ್ವರ ಕೂದಲೆಳೆಯಷ್ಟು ಜಾರಿದರೂ ಅದರ ಮುಂದೆ ಮುಚ್ಚಿಡಲಾಗದು. ಆದುದರಿಂದ ತಂಬೂರಿಯನ್ನು ಹೊರಗಿನ ಗದ್ದಲ ಮರೆಸುವ ಪರದೆಯೆನ್ನುವುದು ಸಲ್ಲದು. ಅದು ಎಚ್ಚರವನ್ನು ಬೇಡುವ ನಾದ.

ಈಗ ತಂಬೂರಿಯೂ ಮೊಬೈಲಿನೊಳಗೆ ಬಂದಿದೆ. ಬೆರಳು ಮುಟ್ಟಿದೊಡನೆ ನುಡಿಯುತ್ತದೆ, ದಣಿಯುವುದಿಲ್ಲ. ಒಂಟಿಯಾಗಿ ಸಾಧನೆ ಮಾಡುವ ಬಡ ವಿದ್ಯಾರ್ಥಿಗೆ ಅದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಹೋಗಿರುವುದು ಹಾಡುವ ಮೊದಲಿನ ಹೊತ್ತು: ಬಿರಡೆ ತಿರುವಿ, ಮಣಿ ಸರಿಸಿ, ನಾಲ್ಕು ತಂತಿಗಳು ಒಂದಾಗುವವರೆಗೆ ಮೌನವಾಗಿ ಕಿವಿಗೊಟ್ಟು ಕೂಡುತ್ತಿದ್ದ ಹೊತ್ತು.