ಮೊರದ ಪಕ್ಕ ಒಂದು ಪುಟ್ಟ ಮೊರ

'ಎರಡು ವರ್ಷದ ಮಗುವನ್ನು ಅರ್ಧ ಗಂಟೆ ಬ್ಯುಸಿಯಾಗಿ ಇಡೋದು ಹೇಗೆ?'

ಕಳೆದ ವರ್ಷ ನನ್ನ ಫೋನ್‌ನಲ್ಲಿ ನಾನು ಅತಿ ಹೆಚ್ಚು ಸಲ ಹುಡುಕಿದ ಪ್ರಶ್ನೆ ಇದೇ ಇರಬೇಕು. ಮನೆಯಿಂದ ಕೆಲಸ ಮಾಡೋ ಅಪ್ಪ-ಅಮ್ಮಂದಿರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮಗು ಏನಾದರೂ ಕಲಿಯಲಿ ಅನ್ನೋದು ನೆಪ. ನಮಗೊಂದು ಅರ್ಧ ಗಂಟೆ ಸಿಗಲಿ ಅನ್ನೋದು ಅಸಲಿ ವಿಷಯ.

ಮಗಳಿಗೆ ಆಗ ಎರಡು ವರ್ಷ ಮೂರು ತಿಂಗಳು. ಹೆಂಡತಿಯ ಆಫೀಸಿನಿಂದ ವಾರಕ್ಕೆ ನಾಲ್ಕು ದಿನ ಬರಲೇಬೇಕು ಅಂತ ಮೇಲ್ ಬಂದಿತ್ತು. ನನ್ನದು ಇನ್ನೂ ಮನೆಯಿಂದಲೇ. ಹಾಗಾಗಿ ಹಗಲಿನ ಡ್ಯೂಟಿ ನನ್ನದು. ಹತ್ತೂವರೆಗೆ ಟೀಮ್ ಕಾಲ್, ಮಗಳ ಕೈಗೆ ಫೋನ್. ಊಟಕ್ಕೆ ಫೋನ್. ನಾಲ್ಕು ಗಂಟೆಗೆ ಕ್ಲೈಂಟ್ ಕಾಲ್, ಮತ್ತೆ ಫೋನ್. ತಪ್ಪು ಅಂತ ಗೊತ್ತಿರಲಿಲ್ಲವಾ? ಗೊತ್ತಿತ್ತು. ಎರಡು ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸ್ಕ್ರೀನ್ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಅದನ್ನೂ ನಾನು ಓದಿದ್ದು ಫೋನ್‌ನಲ್ಲೇ.

ಪಾಪಪ್ರಜ್ಞೆಗೆ ಪರಿಹಾರ ಅಂತ 1,800 ರೂಪಾಯಿ ಕೊಟ್ಟು ಒಂದು ಲರ್ನಿಂಗ್ ಕಿಟ್ ತರಿಸಿದೆ. ಒಂದರೊಳಗೆ ಒಂದು ಕೂರುವ ಬಟ್ಟಲುಗಳು, ಮರದ ಚಮಚ, ಬಣ್ಣದ ಉಂಗುರಗಳು. ಮಗಳು ಕಿಟ್ ಬಂದ ರಟ್ಟಿನ ಡಬ್ಬದಲ್ಲಿ ಎರಡು ದಿನ ಕೂತು ಆಡಿದಳು. ಬಟ್ಟಲುಗಳು ಸೋಫಾ ಕೆಳಗೆ ಸೇರಿದವು.

ಅದೇ ತಿಂಗಳು ಲಸಿಕೆಗೆ ಹೋದಾಗ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: 'ಎರಡು ಪದ ಸೇರಿಸಿ ಮಾತಾಡ್ತಾಳಾ?' ಇಲ್ಲ. ಬೆರಳೆಣಿಕೆಯಷ್ಟು ಪದ, ಅವೂ ಬಿಡಿಬಿಡಿ. ಶ್ರವಣ ಪರೀಕ್ಷೆ ಮಾಡಿಸಿದ್ವಿ, ಸರಿಯಾಗಿತ್ತು. 'ಫೋನ್ ಬಿಡಿಸಿ, ಅವಳ ಜೊತೆ ಮಾತಾಡಿ, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ' ಅಂದರು. ವಾಪಸ್ ಬರುವಾಗ ಕಾರಿನಲ್ಲಿ ನಾವಿಬ್ಬರೂ ಮಾತಾಡಲಿಲ್ಲ.

ಮರುದಿನವೇ ಅಮ್ಮನಿಗೆ ಫೋನ್ ಮಾಡಿದೆ. 'ಕರ್ಕೊಂಡ್ ಬಾರಪ್ಪ, ಇಲ್ಲೇ ಕೆಲ್ಸ ಮಾಡ್ಕೊಂಡ್ ಇರು' ಅಂದರು. ಹಾಗೆ ಕಾರ್ತಿಕ ಮಾಸದಲ್ಲಿ ನಾನು, ಮಗಳು, ಲ್ಯಾಪ್‌ಟಾಪ್ ಮೂವರೂ ಪಟ್ಟನಾಯಕನಹಳ್ಳಿ ಸೇರಿದ್ವಿ. ಶಿರಾ ತಾಲ್ಲೂಕಿನ ನಮ್ಮೂರು. ಮಳೆ ನಂಬಿ ರಾಗಿ, ಕಡ್ಲೆಕಾಯಿ ಬೆಳೆಯೋ ಬಯಲು ಸೀಮೆ. ವಾರಾಂತ್ಯಕ್ಕೆ ಹೆಂಡತಿ ಬರೋದು ಅಂತ ಮಾತಾಯ್ತು.

ನಾವು ಹೋದಾಗ ಹೊಲದಿಂದ ಕಡ್ಲೆಕಾಯಿ ಮನೆಗೆ ಬಂದಿತ್ತು. ಅಮ್ಮ ಜಗಲಿ ಮೇಲೆ ಮೊರ ಇಟ್ಟುಕೊಂಡು ಕಾಯಿ ಆರಿಸ್ತಾ ಕೂತಿದ್ದರು. ಮಗಳು ಹೋಗಿ ಮೊರಕ್ಕೇ ಕೈ ಹಾಕಿದಳು. ನಾನಾಗಿದ್ದರೆ 'ಬೇಡ ಪುಟ್ಟಿ, ಚೆಲ್ಲುತ್ತೆ' ಅಂತಿದ್ದೆ. ಅಮ್ಮ ಒಳಗೆ ಹೋಗಿ ಒಂದು ಪುಟ್ಟ ಮೊರ ತಂದು ತಮ್ಮ ಮೊರದ ಪಕ್ಕ ಇಟ್ಟರು. ಅದರಲ್ಲಿ ಒಂದು ಹಿಡಿ ಕಾಯಿ.

'ಇದು ಗಟ್ಟಿ. ಇದು ಜೊಳ್ಳು. ಅಲ್ಲಾಡ್ಸು ನೋಡವ್ವ, ಸದ್ದು ಬರ್ತೈತಾ? ಜೊಳ್ಳು ಆ ಕಡೀಕೆ ಹಾಕು.'

ಮಗಳು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಳು. ಎಲ್ಲವನ್ನೂ ಒಂದೇ ಕಡೆ ಹಾಕಿದಳು. ಅಮ್ಮ ತಿದ್ದಲಿಲ್ಲ. ತಮ್ಮ ಪಾಡಿಗೆ ತಾವು ಆರಿಸ್ತಾ, 'ಗಟ್ಟಿ, ಗಟ್ಟಿ, ಜೊಳ್ಳು' ಅಂತ ಹೇಳ್ತಾನೇ ಇದ್ದರು. ಹೊತ್ತು ಹೋದದ್ದು ಗೊತ್ತಾಗಲಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದವನು, ನಿಜ ಹೇಳ್ತೀನಿ, ಮೊದಲು ಅಂದುಕೊಂಡದ್ದು 'ಅಬ್ಬ, ಈಗ ಕಾಲ್ ತಗೋಬಹುದು' ಅಂತ.

ಮಾರನೇ ದಿನ ಅಟ್ಟದಿಂದ ಇಳಿದದ್ದು ಅಳತೆಯ ಹಿತ್ತಾಳೆ ಪಾತ್ರೆಗಳು. ಪಾವು, ಅಚ್ಚೇರು, ಸೇರು. ಎರಡು ಪಾವು ಸೇರಿದರೆ ಒಂದು ಅಚ್ಚೇರು, ಎರಡು ಅಚ್ಚೇರು ಸೇರಿದರೆ ಒಂದು ಸೇರು. ಒಂದರೊಳಗೆ ಒಂದು ಅಚ್ಚುಕಟ್ಟಾಗಿ ಕೂರುತ್ತವೆ. ನೋಡಿದ ತಕ್ಷಣ ನನಗೆ ಸೋಫಾ ಕೆಳಗಿನ 1,800 ರೂಪಾಯಿ ನೆನಪಾಯ್ತು!

ಅಗಲವಾದ ತಟ್ಟೆಯಲ್ಲಿ ರಾಗಿ ಹಾಕಿ ಕೊಟ್ಟರೆ ಮಗಳು ಪಾವಿನಲ್ಲಿ ತುಂಬಿ ಸೇರಿಗೆ ಸುರಿಯೋದು, ಸೇರಿನಿಂದ ತಟ್ಟೆಗೆ ಸುರಿಯೋದು. ಅದೇ ಕೆಲಸ ಹತ್ತು ಸಲ, ಇಪ್ಪತ್ತು ಸಲ. ನನಗೆ ಬೇಜಾರು, ಅವಳಿಗಿಲ್ಲ. 1907ರಲ್ಲಿ ರೋಮ್‌ನ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸರಿ ಗಮನಿಸಿದ್ದೂ ಇದನ್ನೇ. ಸುರಿಯೋದು, ತುಂಬೋದು, ಒರೆಸೋದು, ಮಡಚೋದು ದೊಡ್ಡವರಿಗೆ ಮನೆಗೆಲಸ. ಮಗುವಿಗೆ ಕೈ, ಕಣ್ಣು, ಮನಸ್ಸು ಒಟ್ಟಿಗೆ ಪಳಗುವ ಪಾಠ. ಆಕೆ 1939ರಲ್ಲಿ ಮದ್ರಾಸಿನ ಅಡ್ಯಾರ್‌ಗೆ ಬಂದವರು ಯುದ್ಧದಿಂದಾಗಿ 1946ರವರೆಗೆ ಭಾರತದಲ್ಲೇ ಉಳಿದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಅಮ್ಮನಿಗೆ ಆ ಹೆಸರು ಗೊತ್ತಿಲ್ಲ. ಅವರ ಲೆಕ್ಕದಲ್ಲಿ ಕೂಸು ಪಕ್ಕದಲ್ಲಿ ಕೂತರೆ ಅದಕ್ಕೂ ಒಂದು ಕೆಲಸ ಬೇಕು, ಅಷ್ಟೇ.

ಸುರಿದು ಸಾಕಾದ ಮೇಲೆ ಅದೇ ತಟ್ಟೆಯ ರಾಗಿಯನ್ನು ಅಂಗೈಯಲ್ಲಿ ಸಮ ಮಾಡಿ, ಬೆರಳಲ್ಲಿ ಗೆರೆ ಎಳೆಯೋದು. ಹಿಂದೆ ಕೂಲಿಮಠದಲ್ಲಿ ಮಕ್ಕಳು ಮರಳ ಮೇಲೆ ಅಕ್ಷರ ತಿದ್ದುತ್ತಿದ್ದರಲ್ಲ, ಅದೇ ಉಪಾಯ. ಆದರೆ ಇಷ್ಟು ಚಿಕ್ಕವರಿಗೆ ಅಕ್ಷರ ಬೇಡ. ಉದ್ದ ಗೆರೆ 'ಮಳೆ', ದುಂಡಗೆ 'ರೊಟ್ಟಿ'. ಅಳಿಸಿ ಮತ್ತೆ ಶುರು. ತಪ್ಪಾಯ್ತು ಅನ್ನೋ ಮಾತೇ ಇಲ್ಲ.

ಬೆಂಡೆಕಾಯಿ ತೊಟ್ಟಿನ ಕಡೆ ಅಡ್ಡ ಕತ್ತರಿಸಿದರೆ ಐದು ಮೂಲೆಯ ಹೂವು. ಅರಿಶಿನ ಕಲಸಿದ ನೀರಿಗೆ ಸ್ವಲ್ಪ ರಾಗಿ ಹಿಟ್ಟು ಬೆರೆಸಿ ಮಂದ ಮಾಡಿ, ಅದರಲ್ಲಿ ಅದ್ದಿ ಹಳೇ ಕ್ಯಾಲೆಂಡರ್ ಹಿಂಬದಿಗೆ ಒತ್ತಿದರೆ ಹಳದಿ ಹೂವಿನ ತೋಟ. ಒಂದು ದಿನ ಅಮ್ಮ ಅರಿಶಿನದ ನೀರಿಗೆ ಚೂರು ಸುಣ್ಣ ಕದಡಿದರು. ಆರತಿಯ ಓಕುಳಿ ಹಾಗೆ ಹಳದಿ ನೀರು ಕಣ್ಣೆದುರೇ ಕೆಂಪಾಯ್ತು. ಮಗಳು ಬಾಯಿ ಬಿಟ್ಟುಕೊಂಡು ನೋಡಿದಳು. (ಸುಣ್ಣ ಮಕ್ಕಳ ಕೈಗೆ ಕೊಡಬೇಡಿ, ಸುಡುತ್ತೆ. ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೂ ಕೆಂಪಾಗುತ್ತೆ.)

ಪಕ್ಕದ ಮನೆಯ ನಾಲ್ಕು ವರ್ಷದ ಹುಡುಗಿ ಅಂಗನವಾಡಿ ಮುಗಿಸಿ ಬಂದವಳೇ ನಮ್ಮ ಜಗಲಿಯಲ್ಲಿ ಟೀಚರ್ ಆಗ್ತಿದ್ದಳು. ಎಲೆಗಳನ್ನು ದೊಡ್ಡದು, ಚಿಕ್ಕದು ಅಂತ ಜೋಡಿಸಿ ನನ್ನ ಮಗಳಿಗೆ ಪಾಠ. ನಮ್ಮ ರಾಜ್ಯದ ಅಂಗನವಾಡಿಗಳಲ್ಲಿ 'ಚಿಲಿಪಿಲಿ' ಅನ್ನೋ ಚಟುವಟಿಕೆ ಪುಸ್ತಕ ಇದೆ, ಗೊತ್ತಾ? 1975ರ ಅಕ್ಟೋಬರ್ 2ರಂದು ದೇಶದಲ್ಲಿ ಈ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಐವತ್ತು ವರ್ಷದಿಂದ ಊರೂರಲ್ಲಿ ಇರೋದನ್ನ ಬಿಟ್ಟು ನಾನು ಆ್ಯಪ್‌ನಲ್ಲಿ ಹುಡುಕ್ತಿದ್ದೆ.

ಎಲ್ಲ ಚೆನ್ನಾಗಿತ್ತು. ಮೂರನೇ ವಾರದ ಒಂದು ಬುಧವಾರದವರೆಗೆ.

ಅಮ್ಮ ಹಿತ್ತಿಲಲ್ಲಿದ್ದರು. ಮಗಳು ನನ್ನ ಎದುರು ಪುಟ್ಟ ಮೊರದ ಮುಂದೆ ಕೂತಿದ್ದಳು. ನನ್ನ ಫೋನ್ ರಿಂಗಾಯ್ತು, ಲೀಡ್ ಕರೆ. ಸಿಗ್ನಲ್ ಹುಡುಕಿ ಬೀದಿಗೆ ಬಂದೆ. ಐದು ನಿಮಿಷ ಇರಬಹುದು. ವಾಪಸ್ ಬಂದರೆ ಮಗಳು ಮೂಗು ಹಿಡಿದುಕೊಂಡು ಅಳ್ತಿದ್ದಾಳೆ. ಒಡೆದ ಕಾಯಿಯ ಬೀಜ ಒಂದನ್ನ ಮೂಗಿನ ಹೊಳ್ಳೆಗೆ ತುರುಕಿಕೊಂಡಿದ್ದಳು.

ನಾನು ತೆಗೆಯೋಕೆ ಕೈ ಹಾಕಿದೆ. ಅಮ್ಮ ಓಡಿ ಬಂದವರು ನನ್ನ ಕೈ ಹಿಡಿದರು. 'ಮುಟ್ಬೇಡ, ಒಳಕ್ಕೋಗ್ತೈತೆ, ಗಾಡಿ ತೆಗಿ.' ಶಿರಾಕ್ಕೆ ಹೋಗೋ ದಾರಿಯುದ್ದಕ್ಕೂ ಅಮ್ಮನ ತೊಡೆ ಮೇಲೆ ಮಗಳು, ಸ್ಟೀರಿಂಗ್ ಮೇಲೆ ನನ್ನ ನಡುಗೋ ಕೈ. ಆ ದಾರಿ ಅಷ್ಟು ಉದ್ದ ಅಂತ ಯಾವತ್ತೂ ಅನ್ನಿಸಿರಲಿಲ್ಲ. ಡಾಕ್ಟರ್ ಒಂದು ಸಣ್ಣ ಉಪಕರಣದಲ್ಲಿ ಅರೆ ಕ್ಷಣದಲ್ಲಿ ತೆಗೆದರು. 'ಮೂಗಿಗೆ ಹೋದದ್ದು ಪುಣ್ಯ. ಗಂಟಲಿಗೆ ಹೋಗಿ ಉಸಿರಾಟದ ನಾಳಕ್ಕೆ ಸೇರಿದ್ದಿದ್ರೆ?' ಅಂದರು. ಇಡೀ ಕಡ್ಲೆಬೀಜ ಇಷ್ಟು ಚಿಕ್ಕ ಮಕ್ಕಳ ಕೈಗೆ ಸಿಗಲೇಬಾರದು ಅಂತ ಗಟ್ಟಿಯಾಗಿ ಹೇಳಿದರು.

ವಾಪಸ್ ಬಂದು ಮಗಳು ಮಲಗಿದ ಮೇಲೆ ಅಮ್ಮ ಬೈತಾರೆ ಅಂತ ಕಾದೆ. ಬೈಯಲಿಲ್ಲ. ಮೊರ ಎತ್ತಿಡ್ತಾ ಒಂದೇ ಮಾತು ಹೇಳಿದರು: 'ಕೂಸಿಗೆ ಕೆಲ್ಸ ಕೊಟ್ಟು ನಾವ್ ಎದ್ದೋಗ್ಬಾರ್ದು ಕಣಪ್ಪ. ನನ್ನ ತಾವ್ಲೂ ತಪ್ಪೈತೆ, ಬೀಜ ಒಡೀತಾಳೆ ಅಂತ ನಾನೂ ನೋಡ್ಲಿಲ್ಲ.'

ಆ ರಾತ್ರಿ ನಿದ್ದೆ ಬರಲಿಲ್ಲ. ಕಿಟ್ ಯಾಕೆ ಸೋತಿತು, ಮೊರ ಯಾಕೆ ಗೆದ್ದಿತು ಅಂತ ಯೋಚಿಸ್ತಾ ಇದ್ದೆ. ಬಟ್ಟಲಿಗೂ ಪಾವಿಗೂ ಏನು ವ್ಯತ್ಯಾಸ? ಹಿತ್ತಾಳೆ, ಪ್ಲಾಸ್ಟಿಕ್ಕು, ಅಷ್ಟೇ ತಾನೆ? ವ್ಯತ್ಯಾಸ ವಸ್ತುವಿನಲ್ಲಿ ಇರಲಿಲ್ಲ. ಕಿಟ್ ಅನ್ನ ನಾನು ಕೊಂಡದ್ದೇ ಎದ್ದು ಹೋಗೋಕೆ. ಅಮ್ಮ ಪುಟ್ಟ ಮೊರ ಇಟ್ಟದ್ದು ಜೊತೆಗೆ ಕೂರಿಸಿಕೊಳ್ಳೋಕೆ. ಅವರ ಕೈ ಅದೇ ಕೆಲಸ ಮಾಡ್ತಿತ್ತು, ಬಾಯಿ ಅದರ ಬಗ್ಗೆಯೇ ಮಾತಾಡ್ತಿತ್ತು. ಮಗಳು ಕಲಿತಿದ್ದು ಕಾಯಿಂದ ಅಲ್ಲ, ಆ ಎರಡರ ನಡುವಿನಿಂದ.

ಮಾರನೇ ದಿನದಿಂದ ಕಡ್ಲೆಕಾಯಿ ಬಂದ್. ಪುಟ್ಟ ಮೊರಕ್ಕೆ ಬದನೆಕಾಯಿ, ಈರುಳ್ಳಿ, ನಿಂಬೆಹಣ್ಣು ಬಂದವು. ರಾಗಿ ತಟ್ಟೆ ಇಟ್ಟರೆ ಫೋನ್ ಒಳಗಿನ ಕೋಣೆಯಲ್ಲಿ. ಕಾಲ್ ಇದ್ದರೆ ತಟ್ಟೆ ಎತ್ತಿಟ್ಟು, ಮಗಳನ್ನ ಅಮ್ಮನ ಹತ್ತಿರ ಬಿಟ್ಟು ಹೋಗೋದು. ಎರಡನ್ನೂ ಬೆರೆಸೋದು ಇಲ್ಲ.

ಸಂಕ್ರಾಂತಿ ಹೊತ್ತಿಗೆ ಬೆಂಗಳೂರಿಗೆ ವಾಪಸ್ ಬಂದ್ವಿ. ಮೂರು ತಿಂಗಳ ತಪಾಸಣೆಯಲ್ಲಿ ಡಾಕ್ಟರ್ ಮುಂದೆ ಮಗಳು ಹೇಳಿದ್ದು 'ಅಜ್ಜಿ ಮೊರ', ಆಮೇಲೆ 'ಜೊಳ್ಳು ಬೇಡ'. ಎರಡೆರಡು ಪದ! ಹೆಂಡತಿ ಮುಖ ಆ ಕಡೆ ತಿರುಗಿಸಿಕೊಂಡಳು. ಡಾಕ್ಟರ್ ನಕ್ಕರು. ಆದರೂ ವಯಸ್ಸಿಗೆ ಇನ್ನೂ ಸ್ವಲ್ಪ ಹಿಂದೆ ಇದ್ದಾಳೆ ಅಂತ ವಾರಕ್ಕೊಮ್ಮೆ ಸ್ಪೀಚ್ ಥೆರಪಿಗೆ ಬರೆದುಕೊಟ್ಟರು. ಹೋಗ್ತಿದ್ದೀವಿ. ಇದನ್ನ ಯಾಕೆ ಹೇಳ್ತಿದ್ದೀನಿ ಅಂದರೆ, ರಾಗಿ ತಟ್ಟೆ ಔಷಧಿ ಅಲ್ಲ. ಎರಡು ವರ್ಷ ತುಂಬಿದರೂ ಮಗು ಎರಡು ಪದ ಸೇರಿಸ್ತಿಲ್ಲ ಅಂದರೆ 'ಅವರಪ್ಪನೂ ತಡವಾಗೇ ಮಾತಾಡಿದ್ದು' ಅನ್ನೋ ಸಮಾಧಾನ ಬೇಡ, ತೋರಿಸಿ. ಮೈಸೂರಿನಲ್ಲಿ 1965ರಲ್ಲೇ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಇಂಥದ್ದಕ್ಕೇ.

ಯುಗಾದಿಗೆ ಊರಿಗೆ ಹೋದಾಗ ಶಿರಾ ಹತ್ತಿರದ ಕಗ್ಗಲಡುಗೆ ಹೋಗಿದ್ವಿ. ಅಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆಯೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕೊಕ್ಕಿನಲ್ಲಿ ಕಡ್ಡಿ ಹಿಡಿದು ಬಂದ ಹಕ್ಕಿಯನ್ನ ನೋಡಿ ಮಗಳು 'ಕಡ್ಡಿ ತಂತು' ಅಂದಳು. ಸಂಜೆ ಅಂಗಳದಲ್ಲಿ ಕೂತು ಕಡ್ಡಿ, ಹುಲ್ಲು, ಕಲಸಿದ ಮಣ್ಣು ಸೇರಿಸಿ ನಾವೂ ಒಂದು ಗೂಡು ಮಾಡಿದ್ವಿ. ಸೊಟ್ಟಗಿತ್ತು. ಅದರೊಳಗೆ ಒಂದು ನಿಂಬೆಹಣ್ಣು ಇಟ್ಟು 'ಮರಿ ಮಲ್ಕೋ' ಅಂದಳು.

ಬೆಂಗಳೂರಿನ ಎರಡು ಕೋಣೆ ಮನೆಯಲ್ಲಿ ಅಮ್ಮನ ಹಾಗೆ ದಿನವಿಡೀ ಕೂರೋಕೆ ನನ್ನಿಂದ ಆಗಲ್ಲ. ಕಾಲ್ ಹೊತ್ತಿಗೆ ಈಗಲೂ ಕೆಲವು ದಿನ ಟಿವಿ ಹಾಕ್ತೀನಿ. ಅದನ್ನ ಕಲಿಕೆ ಅಂತ ಕರೆಯೋದು ಮಾತ್ರ ಬಿಟ್ಟಿದ್ದೀನಿ. ಆದರೆ ಸಂಜೆ ಐದೂವರೆಯಿಂದ ಆರು ನಮ್ಮಿಬ್ಬರದು. ಕೆಲವು ದಿನ ರಾಗಿ ತಟ್ಟೆ, ಕೆಲವು ದಿನ ಒಗೆದ ಸಾಕ್ಸ್‌ಗಳ ಜೋಡಿ ಹುಡುಕೋದು, ಕೆಲವು ದಿನ ಚಪಾತಿ ಹಿಟ್ಟಿನ ಹಾವು. ಅಮ್ಮ ಕೊಟ್ಟ ಪಾವು ಅಡುಗೆಮನೆಯ ಕೆಳಗಿನ ಶೆಲ್ಫಿನಲ್ಲಿ, ಅವಳ ಕೈಗೆ ಸಿಗೋ ಜಾಗದಲ್ಲಿದೆ.

ಆ ಅರ್ಧ ಗಂಟೆಯನ್ನ ಆಫೀಸ್ ಕ್ಯಾಲೆಂಡರ್‌ನಲ್ಲಿ 'ರಾಗಿ' ಅಂತ ಹೆಸರಿಟ್ಟು ಬ್ಲಾಕ್ ಮಾಡಿದ್ದೀನಿ. 'ಇದು ಯಾವ ಕ್ಲೈಂಟು?' ಅಂತ ಮೊನ್ನೆ ಲೀಡ್ ಕೇಳಿದರು. ಹೇಳಿದೆ. ಅವರಿಗೂ ಒಂದೂವರೆ ವರ್ಷದ ಮಗ ಇದ್ದಾನೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ರಾಗಿ ಚೆಲ್ಲಿದ್ರೆ ಹೇಗೆ ಗುಡಿಸ್ತೀರಿ?' ಅಂದರು.

ಕೆಳಗೆ ಒಂದು ಹಳೇ ಬೆಡ್‌ಶೀಟ್ ಹಾಸಿ, ಸರ್. ಕೊನೆಗೆ ನಾಲ್ಕು ಮೂಲೆ ಹಿಡಿದು ಎತ್ತೋದು. ಒಂದು ಮೂಲೆ ಮಗುವಿನ ಕೈಗೇ ಕೊಡಿ.