ಮೊತ್ತಕ್ಕಿಂತ ತಾರೀಖು

ಗಂಡ ತೀರಿಕೊಂಡ ಮೇಲೋ ಬಿಟ್ಟುಹೋದ ಮೇಲೋ ಮಕ್ಕಳನ್ನು ಕಟ್ಟಿಕೊಂಡು ಬದುಕುವ ಹೆಂಗಸಿಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: ಏನಾದರೂ ದುಡಿಮೆ ಹಚ್ಚಿಕೋ. ಹುಬ್ಬಳ್ಳಿ-ಧಾರವಾಡದಲ್ಲಿ ಈ ಮಾತು ಕಿವಿಗೆ ಬೀಳುವ ಹೊತ್ತಿಗೆ ಆಕೆ ಖಾನಾವಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಲೋ, ನಾಲ್ಕು ಮನೆಯ ಮುಸುರೆ ತಿಕ್ಕುತ್ತಲೋ, ಸೀರೆಗೆ ಕಸೂತಿ ಹಾಕುತ್ತಲೋ ಇರುತ್ತಾಳೆ. ಮಗುವಿನ ಮೇಲೆ ಒಂದು ಕಣ್ಣಿಟ್ಟುಕೊಂಡು, ಇಲ್ಲವೇ ಶಾಲೆ ಬಿಡುವುದರೊಳಗೆ, ಮುಗಿಸಬಹುದಾದ ಕೆಲಸಗಳಿವು. ಈ ಅನುಕೂಲಕ್ಕೆ ಆಕೆ ಕೂಲಿಯಲ್ಲೇ ಬೆಲೆ ತೆರುತ್ತಾಳೆ. ಕೂಲಿ ಕಡಿಮೆಯಾದರೂ ಹೇಗೋ ತೂಗಿಸಬಹುದು. ಯಾವ ದಿನ ಬರುತ್ತದೆಂದೇ ಗೊತ್ತಿಲ್ಲದಿದ್ದರೆ ತೂಗಿಸುವುದು ಏನನ್ನು? ಬಾಡಿಗೆಗೆ ತಾರೀಖಿದೆ, ಶಾಲೆಯ ಫೀಗೂ ಇದೆ.

ಸಂಸ್ಥೆಯೊಂದರ ಕೆಲಸಕ್ಕೂ ಆ ಖಾತ್ರಿಯಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವನ್ನೇ ನೋಡಿ. 1957ರಲ್ಲಿ ಹುಟ್ಟಿದ ಈ ಸಂಘದಲ್ಲಿ ರಾಷ್ಟ್ರಧ್ವಜ ಸಿದ್ಧಪಡಿಸುವವರಲ್ಲಿ ಹೆಚ್ಚಿನವರು ಮಹಿಳೆಯರು. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಧ್ವಜಕ್ಕೂ ಯಂತ್ರದ ನೇಯ್ಗೆಗೂ ದಾರಿಯಾಯಿತು. ಮರುವರ್ಷ ಮನೆಮನೆಗೆ ತಿರಂಗಾ ಎಂದು ದೇಶವೇ ಧ್ವಜ ಕೊಳ್ಳುವಾಗ ಇಲ್ಲಿನ ಖಾದಿ ಧ್ವಜದ ಬೇಡಿಕೆ ಕುಸಿಯಿತು. ದಿಲ್ಲಿಯ ಒಂದು ಆದೇಶದ ಹೊಡೆತವನ್ನು ಇಬ್ಬರು ದುಡಿಯುವ ಮನೆ ಒಂದಿಷ್ಟು ದಿನ ತಡೆದೀತು. ಒಬ್ಬಳೇ ದುಡಿಯುವ ಮನೆ ಎಷ್ಟು ದಿನ ತಡೆದೀತು?

ಸರಕಾರ ಕೊಡುತ್ತದಲ್ಲ, ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬ ಮಾತು ಕಟ್ಟೆಯ ಮೇಲೆ ಧಾರಾಳವಾಗಿ ಸಿಗುತ್ತದೆ. ಮನೆಯೊಡತಿಗೆ ರಾಜ್ಯ ತಿಂಗಳಿಗೆ ಕೊಡುವ ಗೃಹಲಕ್ಷ್ಮಿಯ 2000 ರೂಪಾಯಿಯನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ 67 ರೂಪಾಯಿಯೂ ಆಗುವುದಿಲ್ಲ. ಇಷ್ಟರಲ್ಲಿ ಇಬ್ಬರು ಮಕ್ಕಳನ್ನಿಟ್ಟುಕೊಂಡು ಸೋಮಾರಿಯಾಗುವ ವಿದ್ಯೆ ಯಾರಿಗಾದರೂ ಗೊತ್ತಿದ್ದರೆ ಹೇಳಲಿ. ಆ ಹಣ ಸಣ್ಣದಾದರೂ ತಿಂಗಳಿಗೊಮ್ಮೆ ತಪ್ಪದೆ ಬಂದರೆ ಅದನ್ನು ನಂಬಿ ಬಾಡಿಗೆಯ ಮಾತು ಕೊಡಬಹುದು. ಕಂತು ತಿಂಗಳುಗಟ್ಟಲೆ ತಡವಾದಾಗ ಆ ನಂಬಿಕೆಯೇ ಹೋಗುತ್ತದೆ, ಆಮೇಲೆ ಒಟ್ಟಿಗೆ ಜಮೆಯಾದರೂ ಅಷ್ಟರಲ್ಲಿ ಕೈಸಾಲದ ಬಡ್ಡಿ ಬೆಳೆದಿರುತ್ತದೆ. ಇನ್ನು ಪಿಂಚಣಿಯ ಲೆಕ್ಕ ಬೇರೆ. ವಿಧವೆಗೊಂದು ಯೋಜನೆಯಿದೆ. ಮದುವೆಯಾಗದವರಿಗೂ ವಿಚ್ಛೇದಿತರಿಗೂ ಇರುವ ಮನಸ್ವಿನಿ ಶುರುವಾಗುವುದೇ 40ನೇ ವಯಸ್ಸಿಗೆ. ಮಕ್ಕಳು ಚಿಕ್ಕವರಿರುವ 28ರ ವಿಚ್ಛೇದಿತೆ ಎರಡಕ್ಕೂ ಹೊರಗೆ.

ಹಾಗಿದ್ದರೆ ಸ್ವಸಹಾಯ ಸಂಘದ ಸಾಲ ತೆಗೆದು ಸ್ವಂತ ವ್ಯಾಪಾರ ಹೂಡಲಿ ಎನ್ನುವವರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಹಿಟ್ಟಿನ ಗಿರಣಿಯೋ ರೊಟ್ಟಿ ಯಂತ್ರವೋ ಸಾಲವಿಲ್ಲದೆ ಬರುವುದಿಲ್ಲ. ಆದರೆ ಕಂತು ಪ್ರತಿವಾರ ಬಾಗಿಲಿಗೆ ಬರುತ್ತದೆ, ಖಾನಾವಳಿಯ ಬಾಕಿ ಹಾಗೆ ಬರುವುದಿಲ್ಲ. ವಸೂಲಿಯ ಕಿರುಕುಳ ತಡೆಯಲು ರಾಜ್ಯ 2025ರಲ್ಲಿ ಕಾನೂನು ತಂದದ್ದು ಒಳ್ಳೆಯದಾಯಿತು. ಅದು ವಸೂಲಿಗಾರನ ವರ್ತನೆಗೆ ಕಡಿವಾಣ ಹಾಕೀತು, ಆಕೆಯ ಕೈಗೆ ಕಂತಿನ ದಿನದೊಳಗೆ ದುಡ್ಡು ತಂದುಕೊಡಲಾರದು. ಆ ದುಡ್ಡು ಬರಬೇಕಾದದ್ದು ರೊಟ್ಟಿ ಕೊಳ್ಳುವವರಿಂದ, ಅವಳಿ ನಗರದಲ್ಲಿ ಹಾಸ್ಟೆಲ್ಲುಗಳಿಗೆ, ಕ್ಯಾಂಟೀನುಗಳಿಗೆ ಬರವಿಲ್ಲ. ಸಣ್ಣ ಉದ್ದಿಮೆದಾರರಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆಯೇ ಹೇಳುತ್ತದೆ. ರೊಟ್ಟಿ ಬಡಿಯುವವಳಿಗೆ 45 ಬಹಳವಾಯಿತು. ಏಳು ದಿನವೆಂದು ಬರೆದು ಸಹಿ ಹಾಕಿಕೊಡುವ ಹಾಸ್ಟೆಲ್ ಸಿಕ್ಕರೆ ಸಾಲದ ಕಂತಿನ ಲೆಕ್ಕವನ್ನು ಆಕೆ ತಾನೇ ನೋಡಿಕೊಳ್ಳುತ್ತಾಳೆ.