ಎರಡು ಬಗೆಯಲ್ಲಿ ಎಣಿಸುವುದು

ಆಗಸ್ಟ್ 19

ಗ್ರಾಫ್ ಥಿಯರಿಯ ಮೊದಲ ಕ್ಲಾಸು. ಮೇಡಂ ಪುಸ್ತಕ ತೆರೆಯಲೇ ಇಲ್ಲ. ಬೋರ್ಡಿನ ಮೇಲೆ ನಾಲ್ಕು ಚುಕ್ಕಿ ಇಟ್ಟು ಏಳು ಗೆರೆ ಎಳೆದರು. ಚುಕ್ಕಿಗಳು ಕೋನಿಗ್ಸ್‌ಬರ್ಗ್ ಊರಿನ ನಾಲ್ಕು ಭಾಗಗಳು, ಗೆರೆಗಳು ಪ್ರೆಗೆಲ್ ನದಿಯ ಸೇತುವೆಗಳು. ಯಾವ ಸೇತುವೆಯನ್ನೂ ಬಿಡದೆ, ಯಾವುದನ್ನೂ ಎರಡು ಸಲ ತುಳಿಯದೆ ಊರು ಸುತ್ತಬಹುದೇ? ಹಿಂದಿನ ಬೆಂಚಿನವರೂ ಪೆನ್ನು ಹಿಡಿದರು.

ಆಗುವುದಿಲ್ಲ ಎಂದು ಆಯ್ಲರ್ 1736ರ ಪ್ರಬಂಧದಲ್ಲಿ ತೋರಿಸಿಕೊಟ್ಟ. ದಾರಿಯ ನಡುವೆ ಸಿಗುವ ಜಾಗಕ್ಕೆ ಎಷ್ಟು ಸಲ ಬಂದೆವೋ ಅಷ್ಟೇ ಸಲ ಹೊರಡಬೇಕು. ಹಾಗಾಗಿ ಅಲ್ಲಿನ ಸೇತುವೆಗಳು ಸಮಸಂಖ್ಯೆಯಲ್ಲಿರಬೇಕು. ಹೊರಟ ಜಾಗಕ್ಕೂ ಮುಗಿಸಿದ ಜಾಗಕ್ಕೂ ಮಾತ್ರ ವಿನಾಯಿತಿ. ಇಲ್ಲಿರುವುದು 5, 3, 3, 3. ನಾಲ್ಕೂ ಬೆಸ! ಹುಡುಕಿ ಸಿಗದಿರುವುದು ಬೇರೆ, ಇಲ್ಲವೇ ಇಲ್ಲ ಎಂದು ತಿಳಿಯುವುದು ಬೇರೆ. ಆ ಎರಡನೆಯದರ ಖುಷಿ ರಾತ್ರಿ ಊಟದವರೆಗೂ ಇಳಿಯಲಿಲ್ಲ.

ಆ ನಾಲ್ಕನ್ನು ಕೂಡಿದರೆ 14, ಸೇತುವೆಗಳ ಎರಡರಷ್ಟು. ಪ್ರತಿ ಗೆರೆಗೂ ಎರಡು ತುದಿ ಇರುವುದರಿಂದ ಯಾವ ಗ್ರಾಫಿನಲ್ಲೂ ಹೀಗೆಯೇ. ಚುಕ್ಕಿಗಳ ಕಡೆಯಿಂದ ಒಮ್ಮೆ, ಗೆರೆಗಳ ಕಡೆಯಿಂದ ಇನ್ನೊಮ್ಮೆ ಎಣಿಸಿದ್ದಷ್ಟೇ ಪ್ರಮಾಣ.

ಆಗಸ್ಟ್ 27

ರೂಮ್‌ಮೇಟ್ ಕನ್ನಡ ಎಂ.ಎ. ಛಂದಸ್ಸಿನ ನೋಟ್ಸ್ ಹರಡಿಕೊಂಡು ಕೂತಿದ್ದಳು. "ನಾಲ್ಕು ಮಾತ್ರೆಯ ಗಣ ಐದು ಬಗೆ. ಐದು ಮಾತ್ರೆಯದು ಎಷ್ಟು ಹೇಳೇ?" ಎಂದಳು.

"ಎಂಟು."

"ಬರೀದೇ ಹೇಗೆ ಗೊತ್ತಾಯ್ತೇ?"

ಕೊನೆಯ ಅಕ್ಷರ ನೋಡು ಎಂದೆ. ಅದು ಒಂದು ಮಾತ್ರೆಯ ಲಘುವಾದರೆ ಹಿಂದೆ ಉಳಿಯುವುದು ನಾಲ್ಕು ಮಾತ್ರೆ, ಅದಕ್ಕೆ ಐದು ಬಗೆ. ಎರಡು ಮಾತ್ರೆಯ ಗುರುವಾದರೆ ಮೂರು ಮಾತ್ರೆ, ಅದಕ್ಕೆ ಮೂರು ಬಗೆ. ಐದೂ ಮೂರೂ ಎಂಟು. ಅವಳು ನಂಬದೆ ಪ್ರಸ್ತಾರ ಹಾಕಿ ಎಂಟನ್ನೂ ಬರೆದಳು, ಆಮೇಲೆ ಆರು ಮಾತ್ರೆಗೆ ಹದಿಮೂರು ಎಂದು ತಾನೇ ಹೇಳಿದಳು. 1, 2, 3, 5, 8, 13. ಫಿಬೊನಾಚಿ ಹೆಸರಿನಲ್ಲಿ ನಾವು ಓದುವ ಸಾಲು ಇದೇ. 1202ರ ಅವನ ಪುಸ್ತಕಕ್ಕೂ ಮೊದಲೇ ವಿರಹಾಂಕ, ಹೇಮಚಂದ್ರರು ಮಾತ್ರೆ ಎಣಿಸುತ್ತಲೇ ಇದನ್ನು ಕಂಡಿದ್ದರು.

ಸೆಪ್ಟೆಂಬರ್ 4

ಲೈಬ್ರರಿಯಲ್ಲಿ ಮಹಾವೀರಾಚಾರ್ಯನ ಗಣಿತಸಾರಸಂಗ್ರಹ ಸಿಕ್ಕಿತು. ಒಂಬತ್ತನೇ ಶತಮಾನ, ಅಮೋಘವರ್ಷ ನೃಪತುಂಗನ ಆಶ್ರಯ. ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು ಎಂಬ ಲೆಕ್ಕ ಅದರಲ್ಲಿದೆ, ಇಷ್ಟರಲ್ಲಿ ಇಷ್ಟನ್ನು ಆರಿಸುವ ಬಗೆಗಳನ್ನು ಎಣಿಸಲು ಇಂದು ನಾವು ಬಳಸುವ ಎನ್‌ಸಿಆರ್ (nCr) ಸೂತ್ರವೂ ಇದೆ. ಒಂದೊಂದೇ ಆದರೆ 6, ಎರಡೆರಡು 15, ಮೂರು ಮೂರು 20, ಆಮೇಲೆ 15, 6, 1. ಒಟ್ಟು 63.

ಕೂಡದೆಯೂ ಹೇಳಬಹುದು. ಪ್ರತಿ ರುಚಿಯೂ ಒಂದೋ ಬೇಕು, ಇಲ್ಲವೋ ಬೇಡ. ಎರಡನ್ನು ಆರು ಸಲ ಗುಣಿಸಿದರೆ 64. ಏನೂ ಹಾಕದ ಒಂದನ್ನು ಕಳೆದರೆ ಅದೇ 63.

ಪಿಯುಸಿಯಲ್ಲಿ ಎನ್‌ಸಿಆರ್‌ಗೆ ಬೆಲೆ ತುಂಬಿ ಉತ್ತರ ತೆಗೆದೆವು, ಅಂಕವೂ ಬಂತು. ಒಂದೇ ರಾಶಿಯನ್ನು ಎರಡು ಕಡೆಯಿಂದ ನೋಡಬಹುದೆಂದು ಯಾರೂ ಹೇಳಿಕೊಡಲಿಲ್ಲ. ಸೂತ್ರವನ್ನು ಆಮೇಲೆ ಕೊಟ್ಟರೂ ನಡೆಯುತ್ತದೆ. ಮೊದಲು ಕಲಿಸಬೇಕಾದದ್ದು ಈ ಎಣಿಕೆಯನ್ನು, ಅದೂ ಹೈಸ್ಕೂಲಿನಲ್ಲೇ.